ಒಂದೇ ಬಣ್ಣದ ರಾಜ್ಯದಲ್ಲಿ ಬೇರೊಂದು ಮತ



ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ರಾತ್ರಿ ದೂರದರ್ಶನದ ಭೂಪಟದಲ್ಲಿ ಯೂಟಾ ರಾಜ್ಯಕ್ಕೆ ಕೆಂಪು ಬಣ್ಣ ತುಂಬಲು ಸಾಮಾನ್ಯವಾಗಿ ಯಾರೂ ಹೆಚ್ಚು ಹೊತ್ತು ಕಾಯುವುದಿಲ್ಲ. ಡೆಮಾಕ್ರಟಿಕ್ ಪಕ್ಷಕ್ಕೆ ಆ ರಾಜ್ಯ ಕೊನೆಯ ಬಾರಿ ಒಲಿದದ್ದು 1964ರಲ್ಲಿ, ಲಿಂಡನ್ ಜಾನ್ಸನ್ ಅವರ ಕಾಲದಲ್ಲಿ. 1992ರಲ್ಲಿ ಇಡೀ ದೇಶವನ್ನು ಗೆದ್ದ ಬಿಲ್ ಕ್ಲಿಂಟನ್ ಯೂಟಾದಲ್ಲಿ ಮೂರನೆಯ ಸ್ಥಾನಕ್ಕೆ ಇಳಿದಿದ್ದರು. ಪಕ್ಷೇತರರಾದ ರಾಸ್ ಪೆರೋ ಕೂಡ ಅವರಿಗಿಂತ ಮುಂದಿದ್ದರು. 2012ರಲ್ಲಿ ರಿಪಬ್ಲಿಕನ್ ಪಕ್ಷದ ಮಿಟ್ ರಾಮ್ನಿ ಅಲ್ಲಿ ಶೇ. 73ರಷ್ಟು ಮತ ಪಡೆದರು. ಮಾರ್ಮನ್ ಪಂಥದವರು ಕಟ್ಟಿದ, ಇಂದಿಗೂ ಅವರೇ ಅತಿ ದೊಡ್ಡ ಸಮುದಾಯವಾಗಿರುವ ರಾಜ್ಯವದು. ಆದ್ದರಿಂದ ರಾಜಕೀಯ ಪಂಡಿತರು ಒಂದೇ ಮಾತಿನಲ್ಲಿ ವಿಷಯವನ್ನು ಮುಗಿಸಿಬಿಡುತ್ತಾರೆ: ಆ ಸಮುದಾಯ ಒಂದೇ ಕಡೆ ಮತ ಹಾಕುತ್ತದೆ.

ಈ ಮಾತು ಎಷ್ಟು ನಿಜ ಎಂಬುದನ್ನು ಪರೀಕ್ಷಿಸಲು 2016ರ ಚುನಾವಣೆಯಷ್ಟು ಒಳ್ಳೆಯ ಸಂದರ್ಭ ಇನ್ನೊಂದಿಲ್ಲ.

ಅದಕ್ಕೂ ಮುನ್ನ ಎಣಿಕೆಯ ಕ್ರಮವನ್ನು ಅರಿಯುವುದು ಅಗತ್ಯ. ಅಮೆರಿಕದ ಅಧ್ಯಕ್ಷರನ್ನು ಜನರು ನೇರವಾಗಿ ಆರಿಸುವುದಿಲ್ಲ. 538 ಮಂದಿ ಚುನಾಯಕರ ಮಂಡಲವೊಂದು ಆರಿಸುತ್ತದೆ. ಗೆಲ್ಲಲು 270 ಬೇಕು. ಯೂಟಾದ ಪಾಲು 6: ಕೆಳಮನೆಯ 4 ಸ್ಥಾನ, ಸೆನೆಟ್‌ನ 2 ಸ್ಥಾನ, ಒಟ್ಟು ಆರು. ಮೇನ್ ಮತ್ತು ನೆಬ್ರಾಸ್ಕ ಎಂಬ ಎರಡು ರಾಜ್ಯಗಳನ್ನು ಬಿಟ್ಟರೆ ಉಳಿದ 48 ರಾಜ್ಯಗಳಲ್ಲಿಯೂ, ರಾಜಧಾನಿ ವಾಷಿಂಗ್ಟನ್ನಿನಲ್ಲಿಯೂ ಒಂದೇ ನಿಯಮ. ಉಳಿದವರಿಗಿಂತ ಒಂದು ಮತ ಹೆಚ್ಚು ಬಂದವರಿಗೆ ಎಲ್ಲ ಚುನಾಯಕರೂ ಸಲ್ಲುತ್ತಾರೆ. ಅರ್ಧಕ್ಕಿಂತ ಹೆಚ್ಚು ಮತ ಬರಬೇಕೆಂದೂ ಇಲ್ಲ.

ಭಾರತದ ರಾಷ್ಟ್ರಪತಿ ಚುನಾವಣೆಯೂ ಪರೋಕ್ಷವೇ; ಆದರೆ ಅದರ ಲೆಕ್ಕ ಬೇರೆ. ಕರ್ನಾಟಕದ ಪ್ರತಿ ಶಾಸಕರ ಮತದ ಮೌಲ್ಯ 131, ಮಹಾರಾಷ್ಟ್ರದ ಶಾಸಕರದು 175. ವಿಧಾನಸಭೆಯಲ್ಲಿ ಬಹುಮತ ಯಾರದೇ ಇರಲಿ, ವಿರೋಧ ಪಕ್ಷದ ಶಾಸಕರೊಬ್ಬರ ಆ 131 ಅವರು ಬಯಸಿದ ಅಭ್ಯರ್ಥಿಯ ಖಾತೆಗೇ ಸೇರುತ್ತದೆ. ಮತ ಗುಪ್ತವಾದುದು, ಪಕ್ಷ ವಿಪ್ ಹೊರಡಿಸುವಂತಿಲ್ಲ. 1969ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾಗಿದ್ದ ಎಸ್. ನಿಜಲಿಂಗಪ್ಪನವರಿಗೆ ಇದರ ಬಿಸಿ ಚೆನ್ನಾಗಿಯೇ ತಟ್ಟಿತು. ಬೆಂಗಳೂರಿನಲ್ಲಿ ಪಕ್ಷ ಆರಿಸಿದ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಇಂದಿರಾ ಗಾಂಧಿಯವರು ಆತ್ಮಸಾಕ್ಷಿಯ ಮತಕ್ಕೆ ಕರೆಕೊಟ್ಟರು, ವಿ. ವಿ. ಗಿರಿ ರಾಷ್ಟ್ರಪತಿಯಾದರು. ಅಂದು ಕರ್ನಾಟಕದ ಎಲ್ಲ ಮತಗಳನ್ನೂ ಮೂಟೆ ಕಟ್ಟಿ ಒಬ್ಬರಿಗೇ ಒಪ್ಪಿಸುವ ನಿಯಮವಿದ್ದಿದ್ದರೆ ಆತ್ಮಸಾಕ್ಷಿಯ ಕರೆಗೆ ಎಷ್ಟು ಅರ್ಥ ಉಳಿಯುತ್ತಿತ್ತು? ಯೂಟಾದಲ್ಲಿ ಇರುವುದು ಆ ಮೂಟೆಯ ನಿಯಮ.

2016ರ ಅಕ್ಟೋಬರ್ ಮೊದಲ ವಾರದಲ್ಲಿ ಡೊನಾಲ್ಡ್ ಟ್ರಂಪ್ ಹಿಂದೊಮ್ಮೆ ಸ್ತ್ರೀಯರ ಕುರಿತು ಆಡಿದ್ದ ಹೀನ ಮಾತುಗಳ ಧ್ವನಿಮುದ್ರಣ ಬಹಿರಂಗವಾಯಿತು. ದೇಶದ ಬೇರೆಡೆಗಳಲ್ಲಿ ಕೆಲವು ದಿನ ಗದ್ದಲವಾಗಿ ಪಕ್ಷದವರು ಮೆಲ್ಲನೆ ತಮ್ಮ ತಮ್ಮ ಸ್ಥಾನಗಳಿಗೆ ಮರಳಿದರು. ಯೂಟಾದಲ್ಲಿ ಪೆಟ್ಟು ಆಳಕ್ಕೆ ಇಳಿಯಿತು. ರಿಪಬ್ಲಿಕನ್ ರಾಜ್ಯಪಾಲ ಗ್ಯಾರಿ ಹರ್ಬರ್ಟ್ ಬೆಂಬಲ ಹಿಂತೆಗೆದುಕೊಂಡರು. ಕೆಳಮನೆಯ ಸದಸ್ಯ ಜೇಸನ್ ಚೇಫೆಟ್ಜ್ ಕೂಡ ಹಿಂತೆಗೆದರು. ಆದರೆ ತಿಂಗಳು ಮುಗಿಯುವುದರೊಳಗೆ, ಬೆಂಬಲವಿಲ್ಲ, ಮತ ಮಾತ್ರ ಟ್ರಂಪರಿಗೇ ಎಂದರು. ಬೆಂಬಲಕ್ಕೂ ಮತಕ್ಕೂ ನಡುವಿನ ಈ ಸೂಕ್ಷ್ಮ ಭೇದವನ್ನು ಬಿಡಿಸಿ ಹೇಳುವುದು ತರ್ಕಶಾಸ್ತ್ರಜ್ಞರಿಗೇ ಬಿಟ್ಟದ್ದು. ಮಾರ್ಮನ್ ಚರ್ಚಿನ ಒಡೆತನದ ‘ಡೆಸರೆಟ್ ನ್ಯೂಸ್’ ಪತ್ರಿಕೆ ಟ್ರಂಪ್ ಕಣದಿಂದ ಹಿಂದೆ ಸರಿಯಬೇಕೆಂದು ಸಂಪಾದಕೀಯ ಬರೆಯಿತು.

ಇದೇ ಹೊತ್ತಿಗೆ ಇವಾನ್ ಮೆಕ್‌ಮಲಿನ್ ಎಂಬ ಹೆಸರು ಮನೆಮಾತಾಯಿತು. ಯೂಟಾದ ಪ್ರೋವೊದಲ್ಲಿ ಹುಟ್ಟಿದ, ಮಾರ್ಮನ್ ಪಂಥದ, ಅಮೆರಿಕದ ಗುಪ್ತಚರ ಸಂಸ್ಥೆಯಲ್ಲಿ ದುಡಿದ ಈತ ಆಗಸ್ಟ್‌ನಲ್ಲಷ್ಟೇ ಪಕ್ಷೇತರರಾಗಿ ಕಣಕ್ಕಿಳಿದಿದ್ದರು. ಹನ್ನೊಂದು ರಾಜ್ಯಗಳ ಮತಪತ್ರಗಳಲ್ಲಿ ಮಾತ್ರ ಅವರ ಹೆಸರಿತ್ತು. ಅವರು ಅಧ್ಯಕ್ಷರಾಗುವುದು ಅಸಾಧ್ಯವೆಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯೂಟಾದಲ್ಲಿ 2,43,000ಕ್ಕೂ ಹೆಚ್ಚು ಜನ, ಶೇ. 21.5, ಅವರಿಗೆ ಮತವಿತ್ತರು. ಹಿಲರಿ ಕ್ಲಿಂಟನ್ ಅವರಿಗೆ ಶೇ. 27.5 ದೊರೆಯಿತು. ಟ್ರಂಪರಿಗೆ ಶೇ. 45.5. ಹಿಂದಿನ ಚುನಾವಣೆಯಲ್ಲಿ ಅದೇ ಪಕ್ಷ ಪಡೆದ 73ರ ಪಕ್ಕದಲ್ಲಿ ಈ ಅಂಕಿಯನ್ನಿಟ್ಟು ನೋಡಬೇಕು. ರಾಜ್ಯದ ಅರ್ಧಕ್ಕಿಂತ ಹೆಚ್ಚು ಮತದಾರರು ಗೆದ್ದವರನ್ನು ಬೇಡವೆಂದಿದ್ದರು. ಚುನಾಯಕರ ಹಂಚಿಕೆ ಮಾತ್ರ 6ಕ್ಕೆ 6.

ಭೂಪಟದಲ್ಲಿ ಯೂಟಾ ಮತ್ತೆ ಅದೇ ಗಾಢ ಕೆಂಪು. ಅದನ್ನು ನೋಡಿದವರು ‘ಆ ಸಮುದಾಯ ಒಂದೇ ಕಡೆ’ ಎಂದೇ ಓದಿದರು.

ಆ ಏಕಪಕ್ಷೀಯತೆ ಅಲ್ಲಿನ ಮಣ್ಣಿನ ಗುಣವೂ ಅಲ್ಲ. ಯೂಟಾ ರಾಜ್ಯದ ಪಟ್ಟ ಪಡೆದದ್ದು 1896ರಲ್ಲಿ. ಅದಕ್ಕೆ ಮುನ್ನ ಮಾರ್ಮನ್ನರಿಗೆ ತಮ್ಮದೇ ಒಂದು ಪಕ್ಷವಿತ್ತು. 1891ರಲ್ಲಿ ಅದನ್ನು ವಿಸರ್ಜಿಸಿ ಎರಡು ರಾಷ್ಟ್ರೀಯ ಪಕ್ಷಗಳಲ್ಲಿ ಹಂಚಿಹೋಗುವಂತೆ ಜನರಿಗೆ ಹೇಳಲಾಯಿತು. ಊರಿನ ಧರ್ಮಾಧಿಕಾರಿ ಪ್ರಾರ್ಥನಾ ಮಂದಿರದಲ್ಲಿ ಎದ್ದು ನಿಂತು, ಈ ಸಾಲಿನವರು ರಿಪಬ್ಲಿಕನ್ನರು, ಆ ಸಾಲಿನವರು ಡೆಮಾಕ್ರಟರು ಎಂದು ಕೈಬೀಸಿ ಬೇರ್ಪಡಿಸಿದನೆಂಬ ಕಥೆ ಅಲ್ಲಿ ಈಗಲೂ ಪ್ರಚಲಿತ. ಕಥೆಯೇ ಇರಬಹುದು. ಆದರೆ ಅದೇ 1896ರಲ್ಲಿ ರಾಜ್ಯದ ಸೆನೆಟ್‌ಗೆ ನಡೆದ ಚುನಾವಣೆ ಕಥೆಯಲ್ಲ. ವೈದ್ಯೆಯಾಗಿದ್ದ ಮಾರ್ಥಾ ಹ್ಯೂಸ್ ಕ್ಯಾನನ್ ಡೆಮಾಕ್ರಟಿಕ್ ಪಕ್ಷದಿಂದ ನಿಂತರು; ಎದುರು ಪಕ್ಷದ ಅಭ್ಯರ್ಥಿಗಳಲ್ಲಿ ಅವರ ಪತಿ ಆಂಗಸ್ ಕ್ಯಾನನ್ ಕೂಡ ಇದ್ದರು. ಪತ್ನಿ ಗೆದ್ದರು, ಪತಿ ಸೋತರು. ಅಮೆರಿಕದ ಯಾವುದೇ ರಾಜ್ಯದ ಸೆನೆಟ್ ಪ್ರವೇಶಿಸಿದ ಮೊದಲ ಮಹಿಳೆ ಆಕೆ. ಯೂಟಾದ ಸ್ತ್ರೀಯರು 1870ರಲ್ಲಿಯೇ ಮತ ಹಾಕಿದವರು. 1887ರಲ್ಲಿ ದೇಶದ ಸಂಸತ್ತು ಆ ಹಕ್ಕನ್ನು ಕಸಿದುಕೊಂಡಿತು. ರಾಜ್ಯದ ಸಂವಿಧಾನದ ಮೂಲಕ ಅದನ್ನು ಮರಳಿ ಪಡೆದ ವರ್ಷವೇ ಈ ಗೆಲುವು.

ಅಧ್ಯಕ್ಷೀಯ ಚುನಾವಣೆಯಲ್ಲಿ ಆ ವರ್ಷ ಯೂಟಾ ಡೆಮಾಕ್ರಟಿಕ್ ಪಕ್ಷದ ಬ್ರಯಾನ್ ಅವರಿಗೆ ಶೇ. 80ಕ್ಕೂ ಹೆಚ್ಚು ಮತ ಕೊಟ್ಟಿತು. ಹದಿನಾರು ವರ್ಷಗಳ ಬಳಿಕ, 1912ರಲ್ಲಿ, ರಿಪಬ್ಲಿಕನ್ ಅಧ್ಯಕ್ಷ ಟ್ಯಾಫ್ಟ್ ಗೆದ್ದ ರಾಜ್ಯಗಳು ದೇಶದಲ್ಲೇ ಎರಡು: ವರ್ಮಾಂಟ್ ಮತ್ತು ಯೂಟಾ. 1932ರಿಂದ 1948ರವರೆಗೆ ಸತತ ಐದು ಬಾರಿ ಡೆಮಾಕ್ರಟಿಕ್.

ಈ ಐದರ ನಡುವಣ 1936 ವಿಶೇಷವಾಗಿ ಗಮನಾರ್ಹ. ಚರ್ಚಿನ ಅಧ್ಯಕ್ಷ ಹೀಬರ್ ಜೆ. ಗ್ರಾಂಟ್ ಸ್ವತಃ ಮೊದಲಿನಿಂದ ಡೆಮಾಕ್ರಟ್. ಆದರೆ ರೂಸ್‌ವೆಲ್ಟರ ನೀತಿಗಳೆಂದರೆ ಅವರಿಗೆ ಆಗದು. ಚುನಾವಣೆಗೆ ಕೆಲವೇ ದಿನಗಳಿರುವಾಗ ಡೆಸರೆಟ್ ನ್ಯೂಸ್ ತನ್ನ ಮುಖಪುಟದಲ್ಲಿಯೇ ರೂಸ್‌ವೆಲ್ಟರ ವಿರುದ್ಧ ಸಂಪಾದಕೀಯ ಪ್ರಕಟಿಸಿತು. ಅದರಲ್ಲಿ ಸಹಿ ಇರಲಿಲ್ಲ; ಅದು ಎಲ್ಲಿಂದ ಬಂದಿತೆಂದು ತಿಳಿಯದವರೂ ಇರಲಿಲ್ಲ. ಭಕ್ತರು ಅದನ್ನು ಓದಿದರು, ಮಡಿಸಿಟ್ಟರು, ರೂಸ್‌ವೆಲ್ಟರಿಗೆ ಶೇ. 69ರಷ್ಟು ಮತ ಹಾಕಿದರು. ಮೂರು ವರ್ಷ ಮೊದಲು ಪಾನನಿರೋಧ ರದ್ದತಿಯ ಪ್ರಶ್ನೆ ಬಂದಾಗಲೂ ಹಾಗೆಯೇ ಆಗಿತ್ತು. ಮದ್ಯ ಮುಟ್ಟಬಾರದೆಂಬುದು ಮಾರ್ಮನ್ನರ ಕಟ್ಟುನಿಟ್ಟಿನ ಆಚಾರ. ಗ್ರಾಂಟ್ ಪಾನನಿರೋಧದ ಪರವಾಗಿ ಮೊರೆಯಿಟ್ಟಿದ್ದರು. 1933ರ ಡಿಸೆಂಬರ್ 5ರಂದು ರದ್ದತಿಗೆ ಬೇಕಾಗಿದ್ದ 36ನೆಯ ರಾಜ್ಯದ ಒಪ್ಪಿಗೆ ಬಂದದ್ದು ಯೂಟಾದಿಂದ! ತಾನು ಕುಡಿಯದಿರುವುದು ಬೇರೆ, ಕುಡಿಯುವವನಿಗೆ ಪೊಲೀಸರನ್ನು ಕಳಿಸುವುದು ಬೇರೆ ಎಂದು ಆ ಜನರಲ್ಲಿ ಎಷ್ಟೋ ಮಂದಿ ಎಣಿಸಿರಬೇಕು.

ಗುರುವನ್ನು ಗೌರವಿಸುವುದಕ್ಕೂ ಗುರು ಹೇಳಿದ ಚಿಹ್ನೆಗೆ ಮತ ಹಾಕುವುದಕ್ಕೂ ನಡುವೆ ಅಂದಿನ ಆ ರೈತರು, ಗಣಿ ಕಾರ್ಮಿಕರು ಅಂತರ ಕಾಪಾಡಿಕೊಂಡರು. ಅವರಾರೂ ಪಂಥ ತೊರೆಯಲಿಲ್ಲ. ಚರ್ಚಿನ ಪತ್ರಿಕೆಯೂ ಪಾಠ ಕಲಿತಿರಬೇಕು. 1936ರ ನಂತರ ಎಂಟು ದಶಕಗಳ ಕಾಲ ಅದು ಅಧ್ಯಕ್ಷೀಯ ಅಭ್ಯರ್ಥಿಗಳ ಪರ ನಿಲ್ಲುವ ಗೋಜಿಗೆ ಹೋಗಲಿಲ್ಲ. ಆ ಮೌನ ಮುರಿದದ್ದು 2016ರಲ್ಲಿ, ಅದೂ ಒಬ್ಬರಿಗೆ ಮತ ಕೊಡಿ ಎನ್ನಲು ಅಲ್ಲ.

ಮತದಾನದ ಫಲ ಮೊದಲೇ ನಿಶ್ಚಿತವಾದಾಗ ನಿಜವಾದ ಆಯ್ಕೆ ಪಕ್ಷದ ಒಳಮನೆಗೆ ಸರಿಯುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. 2010ರಲ್ಲಿ ಯೂಟಾದ ಹಾಲಿ ಸೆನೆಟರ್ ಬಾಬ್ ಬೆನೆಟ್ ಸೋತದ್ದು ಜನರ ಎದುರಲ್ಲ, ಸುಮಾರು 3,500 ಪ್ರತಿನಿಧಿಗಳು ಸೇರಿದ್ದ ಪಕ್ಷದ ಸಮಾವೇಶದಲ್ಲಿ. ಇದನ್ನು ಬಲ್ಲ ಡೆಮಾಕ್ರಟರಲ್ಲಿ ಕೆಲವರು ರಿಪಬ್ಲಿಕನ್ನರೆಂದು ಹೆಸರು ನೋಂದಾಯಿಸಿಕೊಂಡು ಆ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕುತ್ತಾರೆ. ತನ್ನ ಅಭಿಪ್ರಾಯಕ್ಕೆ ಬೆಲೆ ಸಿಗಲು ತನ್ನ ಗುರುತನ್ನೇ ಮರೆಮಾಚಬೇಕಾದ ಸ್ಥಿತಿ ಯಾವ ಪ್ರಜೆಗೂ ಭೂಷಣವಲ್ಲ.

2023ರಲ್ಲಿ ಮಾರ್ಮನ್ ಚರ್ಚಿನ ಹಿರಿಯರು ಅಮೆರಿಕದ ಸದಸ್ಯರಿಗೆ ಪತ್ರವೊಂದನ್ನು ಬರೆದರು. ಅಭ್ಯರ್ಥಿಗಳನ್ನು ಪರಿಶೀಲಿಸದೆ, ವಾಡಿಕೆಯೆಂದು ಒಂದೇ ಪಕ್ಷದ ಸಾಲಿಗೆ ಮತ ಒತ್ತುವುದು ಪ್ರಜಾಪ್ರಭುತ್ವಕ್ಕೆ ಅಪಾಯ ಎಂಬುದು ಅದರ ಸಾರ. ಇದು ಯಾರಿಗೆ ಹೇಳಿದ ಮಾತೆಂದು ಯೂಟಾದಲ್ಲಿ ವಿವರಿಸಬೇಕಾಗಿರಲಿಲ್ಲ. 2024ರಲ್ಲಿ ರಾಜ್ಯ ಮತ್ತೆ ಟ್ರಂಪರಿಗೆ ಶೇ. 59ರಷ್ಟು ಮತವಿತ್ತಿತು. ಆದರೆ ಅದಕ್ಕೆ ಹಿಂದಿನ 2020ರಲ್ಲಿ ಜೋ ಬೈಡನ್ ಪಡೆದ ಶೇ. 38ರ ಸಮೀಪದ ಮತ, 1964ರ ನಂತರ ಅಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿಗೆ ಅಲ್ಲಿಯವರೆಗೆ ದೊರೆತ ಅತಿ ಹೆಚ್ಚಿನ ಪಾಲು. ಅದರಿಂದ ಅವರಿಗೆ ದಕ್ಕಿದ ಚುನಾಯಕರ ಸಂಖ್ಯೆ ಸೊನ್ನೆ.

2016ರ ಡಿಸೆಂಬರ್ 19ರಂದು ಸಾಲ್ಟ್ ಲೇಕ್ ಸಿಟಿಯ ಶಾಸನಭವನದಲ್ಲಿ ಯೂಟಾದ ಆರು ಚುನಾಯಕರು ಸೇರಿದರು. ಮತದಾನ ನಡೆಯಿತು. ಆರು ಮತಗಳಲ್ಲಿಯೂ ಇದ್ದದ್ದು ಒಂದೇ ಹೆಸರು.