ಪೆವಿಲಿಯನ್ ಹೊರಗಿನ ಕುಡಿಕೆ



1909ರ ಅಕ್ಟೋಬರ್. ಇಂಗ್ಲೆಂಡಿನ ಬ್ರಿಸ್ಟಲ್‌ನ ಮೈದಾನದಲ್ಲಿ ಪ್ರೇಕ್ಷಕರ ಒಂದು ಗುಂಪು ಟಾಟೆನ್‌ಹ್ಯಾಮ್ ತಂಡದ ಕಪ್ಪು ಆಟಗಾರ ವಾಲ್ಟರ್ ಟಲ್ ಅವರನ್ನು ಬಣ್ಣ ಹಿಡಿದು ಬೈಯತೊಡಗಿತು. ಅವರ ತಂದೆ ಬಾರ್ಬಡೋಸ್‌ನಿಂದ ಬಂದ ಬಡಗಿ, ಅಜ್ಜ ಗುಲಾಮ. ಟಲ್ ಬೆಳೆದದ್ದು ಅನಾಥಾಲಯದಲ್ಲಿ. ಅವರು ಆಟ ಬಿಡಲಿಲ್ಲ. ನಾರ್ಥಾಂಪ್ಟನ್ ತಂಡ ಸೇರಿ ನೂರಕ್ಕೂ ಹೆಚ್ಚು ಪಂದ್ಯ ಆಡಿದರು. 1914ರಲ್ಲಿ ಮಹಾಯುದ್ಧ ಶುರುವಾಗಿ ಸೇನೆಯಲ್ಲಿ ಫುಟ್‌ಬಾಲ್ ಆಟಗಾರರದ್ದೇ ಒಂದು ಪಡೆ ಕಟ್ಟಿದಾಗ ಅದಕ್ಕೆ ಸೇರಿದರು. ಯುರೋಪ್ ಮೂಲದವರಲ್ಲದವರಿಗೆ ಅಧಿಕಾರಿ ಹುದ್ದೆ ಸಲ್ಲದು ಎಂಬ ಸೇನಾ ನಿಯಮವಿದ್ದ ಕಾಲದಲ್ಲೇ, 1917ರಲ್ಲಿ, ಸೆಕೆಂಡ್ ಲೆಫ್ಟಿನೆಂಟ್ ಆದರು. 1918ರ ಮಾರ್ಚ್ 25ರಂದು ಫ್ರಾನ್ಸಿನ ರಣರಂಗದಲ್ಲಿ ಬಿದ್ದರು. ಜೊತೆಯ ಸೈನಿಕರು ಅವರನ್ನು ಹೊತ್ತು ತರಲು ಹೆಣಗಿದರೂ ಆಗಲಿಲ್ಲ. ದೇಹ ಕೊನೆಗೂ ಸಿಗಲಿಲ್ಲ. ವಯಸ್ಸು 29.

ಅವರ ಬದುಕನ್ನು ಬೆನ್ನುಹತ್ತಿ ಶೋಧಿಸಿದ ಫಿಲ್ ವಾಸಿಲಿ ಬರೆದ ‘ಟಲ್’ ನಾಟಕ 2013ರಲ್ಲಿ ಬೋಲ್ಟನ್‌ನ ಆಕ್ಟಗನ್ ರಂಗಮಂದಿರದಲ್ಲಿ ಪ್ರದರ್ಶನ ಕಂಡಿತು. ಫುಟ್‌ಬಾಲ್ ಮೈದಾನವಾಗಲಿ ಕಂದಕಗಳ ಯುದ್ಧವಾಗಲಿ ರಂಗದ ಅಳತೆಗೆ ಸಿಗುವಂಥವಲ್ಲ. ಆದರೆ ಕತ್ತಲಲ್ಲಿ ಕೂತ ಪ್ರೇಕ್ಷಕರ ನಡುವಿನಿಂದಲೇ ಒಂದು ಬೈಗುಳ ಎದ್ದರೆ? ಪಕ್ಕದ ಕುರ್ಚಿಯವರು ತಿರುಗಿ ನೋಡುತ್ತಾರೆ. ಸಿನಿಮಾಕ್ಕೆ ಈ ಶಕ್ತಿಯಿಲ್ಲ.

ಕನ್ನಡ ರಂಗಭೂಮಿ ಇಂಥ ಬದುಕನ್ನು ಹುಡುಕಿಕೊಂಡು ಇಂಗ್ಲೆಂಡಿಗೆ ಹೋಗಬೇಕಿಲ್ಲ. ಧಾರವಾಡ ಸಾಕು.

ಪಾಲವಣಕರ ಬಾಳೂ ಹುಟ್ಟಿದ್ದು ಅಲ್ಲಿ, 1870ರ ದಶಕದಲ್ಲಿ, ಚರ್ಮ ಕೆಲಸದ ದಲಿತ ಕುಟುಂಬದಲ್ಲಿ. ತಂದೆ ಸೇನೆಯಲ್ಲಿದ್ದರು, ಅಧಿಕಾರಿಗಳು ಬಳಸಿ ಬಿಟ್ಟ ಬ್ಯಾಟು, ಚೆಂಡುಗಳಲ್ಲೇ ಮಕ್ಕಳು ಕ್ರಿಕೆಟ್ ಕಲಿತರು. ಪುಣೆಯ ಯುರೋಪಿಯನ್ನರ ಕ್ಲಬ್ಬಿನಲ್ಲಿ ತಿಂಗಳಿಗೆ 4 ರೂಪಾಯಿ ಸಂಬಳಕ್ಕೆ ಬಾಳೂ ಪಿಚ್‌ಗೆ ರೋಲರ್ ಎಳೆದರು, ನೆಟ್ ಕಟ್ಟಿದರು, ಗಂಟೆಗಟ್ಟಲೆ ಎಡಗೈ ಸ್ಪಿನ್ ಎಸೆದರು. ಬ್ಯಾಟ್ ಮಾತ್ರ ಅವರ ಕೈಗೆ ಯಾರೂ ಕೊಡಲಿಲ್ಲ.

ಮುಂದೆ ಪುಣೆಯ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಯಿತು. ಸವರ್ಣ ಆಟಗಾರರು ಅವರು ಮುಟ್ಟಿದ ಚೆಂಡನ್ನೇ ಹಿಡಿದರು, ತಿರುಗಿ ಎಸೆದರು. ಚಹಾ ವಿರಾಮ ಬಂತೆಂದರೆ ಉಳಿದವರಿಗೆ ಪೆವಿಲಿಯನ್ ಒಳಗೆ ಪಿಂಗಾಣಿ ಕಪ್ಪು, ಬಾಳೂಗೆ ಹೊರಗೆ, ಕುಡಿದು ಎಸೆಯುವ ಮಣ್ಣಿನ ಕುಡಿಕೆ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ಅವರು 114 ವಿಕೆಟ್ ಕಿತ್ತರು. ಅಷ್ಟಾದರೂ ಹಿಂದೂ ತಂಡದ ನಾಯಕತ್ವ ಅವರಿಗೆ ದಕ್ಕಲಿಲ್ಲ. 1923ರಲ್ಲಿ ತಮ್ಮ ವಿಠಲ ನಾಯಕರಾದರು. ಒಂದೇ ಮನೆಯ ಈ ಎರಡು ಗಳಿಗೆಗಳ ನಡುವೆ ಇಡೀ ಒಂದು ಅಂಕವಿದೆ.

ಈ ವಿಚಾರ ಸಂಕಿರಣ ಚಿಕ್ಕಮಗಳೂರಿನಲ್ಲಿ ನಡೆಯುತ್ತಿರುವುದರಿಂದ ಆ ಕುಡಿಕೆಯ ಮಾತು ಇನ್ನೂ ಹತ್ತಿರದ್ದು. ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟಗಳ ಕೂಲಿ ಲೈನ್ ಮನೆಗಳ ಹಿರಿಯರಿಗೆ ಕರಟದ ಕಾಫಿಯೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಹಣ್ಣು ಕುಯ್ದ ಕೈಗಳಿಗೆ ಅದೇ ಹಣ್ಣಿನ ಕಾಫಿ, ಲೋಟ ಮುಟ್ಟದ ಹಾಗೆ ಮೇಲಿಂದ ಕರಟಕ್ಕೆ ಹುಯ್ದು ಕೊಟ್ಟದ್ದು. ಬಾಳೂ ನಾಟಕವನ್ನು ಈ ಬೆಟ್ಟಗಳಲ್ಲಿ ಕಟ್ಟುವವರು ಕರಟದಿಂದಲೇ ಶುರು ಮಾಡಬಹುದು.

ಈ ಎರಡು ದಿನಗಳ ಚರ್ಚೆಗೆ ಒಂದು ಆಸೆ ಇದೆ. ಬಾಳೂ ಅವರ ಬದುಕು ವಿಕೆಟ್‌ಗಳ ಪಟ್ಟಿಯಾಗಿ ಮುಗಿಯದಿರಲಿ. ಟಲ್ ಅವರದು ಬರಿಯ ವೀರಮರಣದ ಕಥೆಯಾಗದಿರಲಿ. ರಂಗದ ಮೇಲೆ ಇಂಥದೊಂದು ದೃಶ್ಯ ಬರಲಿ: ಕೊಯ್ಲು ಮುಗಿದು ಖಾಲಿಯಾದ ಒಂದು ಕಾಫಿ ಕಣ, ಬಿಳಿ ಬಟ್ಟೆಯ ಹತ್ತು ಆಟಗಾರರು ಒಳಗೆ ಹೋಗುತ್ತಾರೆ. ಹನ್ನೊಂದನೆಯವರು ಬಾಗಿಲ ಹೊರಗೆ ನಿಲ್ಲುತ್ತಾರೆ, ಬೆರಳುಗಳಲ್ಲಿ ಇನ್ನೂ ಚೆಂಡಿನ ಕೆಂಪು. ಯಾರೋ ಬಂದು ಕುಡಿಕೆ ಕೆಳಗಿಟ್ಟು ಹೋಗುತ್ತಾರೆ. ಅದನ್ನು ಅವರು ಎತ್ತಿಕೊಳ್ಳುವವರೆಗೆ ರಂಗದಲ್ಲಿ ಯಾರೂ ಮಾತಾಡುವುದಿಲ್ಲ.