ಚೊಂಬು ಒಂದೋ, ಎರಡೋ? ಮೆಟಾಫಿಸಿಕ್ಸ್ ಓದಲು ಹೊರಡುವ ಮುನ್ನ

ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ನಾನು ತತ್ತ್ವಶಾಸ್ತ್ರದಲ್ಲಿ ಪಿಎಚ್‌.ಡಿ ಮಾಡ್ತಿದ್ದೀನಿ. ನನ್ನ ವಿಷಯ ತತ್ತ್ವಮೀಮಾಂಸೆ, ಅಂದರೆ ಮೆಟಾಫಿಸಿಕ್ಸ್. ಅದರಲ್ಲೂ ‘ಅನಾಲಿಟಿಕ್’ ಅನ್ನೋ ವಿಶ್ಲೇಷಣಾತ್ಮಕ ಪರಂಪರೆ. ನಾವೂ ಇದನ್ನು ಓದೋಕೆ ಬರಬಹುದಾ ಅಂತ ಊರಿನಿಂದ ಹುಡುಗ ಹುಡುಗಿಯರು ಆಗಾಗ ಕೇಳ್ತಾರೆ. ಅವರಿಗೆ ಹೇಳೋದನ್ನೇ ಇವತ್ತು ನಿಮ್ಮ ಮುಂದೆ ಇಡ್ತೀನಿ.

ತರಗತಿಯಲ್ಲಿ ಏನು ನಡೆಯುತ್ತೆ? ಒಂದು ಹಿತ್ತಾಳೆ ಚೊಂಬು ತಗೊಳ್ಳಿ. ಕಂಚುಗಾರ ಸೋಮವಾರ ಒಂದು ಕೆ.ಜಿ ಹಿತ್ತಾಳೆ ಗಟ್ಟಿ ತಂದ. ಮಂಗಳವಾರ ಅದನ್ನು ಚೊಂಬು ಮಾಡಿದ. ಶುಕ್ರವಾರ ಕರಗಿಸಿಬಿಟ್ಟ. ಚೊಂಬು ಹೋಯ್ತು, ಹಿತ್ತಾಳೆ ಉಳೀತು. ಈಗ ಹೇಳಿ, ಬುಧವಾರ ಅವನ ಕೈಯಲ್ಲಿದ್ದದ್ದು ಒಂದು ವಸ್ತುವೋ, ಎರಡೋ?

ಒಂದೇ ಅಂದರೆ, ಅದೇ ವಸ್ತು ಶುಕ್ರವಾರ ಉಳಿದೂ ಇದೆ, ಇಲ್ಲವೂ ಆಗಿದೆ ಅಂತಾಗುತ್ತೆ. ಎರಡು ಅಂದರೆ, ತಲಾ ಒಂದು ಕೆ.ಜಿ.ಯ ಎರಡು ವಸ್ತು ಇಟ್ಟರೂ ತಕ್ಕಡಿ ಒಂದೇ ಕೆ.ಜಿ ಯಾಕೆ ತೋರಿಸುತ್ತೆ? ಪೀಟರ್ ವ್ಯಾನ್ ಇನ್ವಾಗನ್ 1990ರ ‘ಮೆಟೀರಿಯಲ್ ಬೀಯಿಂಗ್ಸ್’ ಪುಸ್ತಕದಲ್ಲಿ ಇನ್ನೊಂದು ದಾರಿ ಹಿಡಿದರು. ಕಣಗಳು ಸೇರಿ ಒಂದು ವಸ್ತುವಾಗೋದು ಅಲ್ಲೊಂದು ಜೀವ ಇದ್ದಾಗ ಮಾತ್ರ ಅಂದರು. ಹಾಗಾದರೆ ಚೊಂಬೇ ಇಲ್ಲ, ಚೊಂಬಿನ ಹಾಗೆ ಜೋಡಿಸಿಕೊಂಡ ಕಣಗಳಿವೆ ಅಷ್ಟೆ. ಒಗಟು ಹೋಯ್ತು, ಜೊತೆಗೆ ಮನೆ, ಮೇಜು, ಬಸ್ಸು ಎಲ್ಲವೂ ಹೋದವು!

ಪುಕ್ಕಟೆ ಸಿಗೋ ಉತ್ತರ ಇಲ್ಲಿ ಒಂದೂ ಇಲ್ಲ ನೋಡಿ. ಯಾವ ಮಾತಿಗೆ ಏನು ತೆರಬೇಕಾಗುತ್ತೆ ಅಂತ ಲೆಕ್ಕ ಹಾಕೋದೇ ನಮ್ಮ ಓದು. ಡೇವಿಡ್ ಲೂಯಿಸ್ 1986ರಲ್ಲಿ, ನಮ್ಮ ಜಗತ್ತಿನಷ್ಟೇ ನಿಜವಾದ ಅಸಂಖ್ಯ ಜಗತ್ತುಗಳಿವೆ ಅಂತ ವಾದಿಸಿದರು. ಒಪ್ಪುವವರು ಕಡಿಮೆ. ಆದರೂ ಎಲ್ಲರೂ ಅವರನ್ನು ಓದ್ತಾರೆ, ಯಾಕಂದ್ರೆ ಅವರು ಲೆಕ್ಕವನ್ನು ಮುಚ್ಚಿಡಲಿಲ್ಲ.

ಈ ಜಗಳ ನಮ್ಮಲ್ಲೂ ಹಳೆಯದು. ಅವಯವಗಳಿಗಿಂತ ಅವಯವಿ ಬೇರೆ ಅಂತ ನ್ಯಾಯ-ವೈಶೇಷಿಕರು ಹೇಳಿದರೆ, ಬೌದ್ಧರು ಒಪ್ಪಲಿಲ್ಲ. ಬಿಮಲ್ ಕೃಷ್ಣ ಮತಿಲಾಲ್ ನವ್ಯನ್ಯಾಯದ ಅಭಾವ ಸಿದ್ಧಾಂತದ ಮೇಲೆ 1968ರಲ್ಲಿ ಪುಸ್ತಕ ಬರೆದರು. ಮುಂದೆ ಆಕ್ಸ್‌ಫರ್ಡ್‌ನಲ್ಲಿ ಪ್ರಾಧ್ಯಾಪಕರಾಗಿ ಈ ಎರಡೂ ಪರಂಪರೆಗಳನ್ನು ಮಾತಿಗೆ ಕೂರಿಸಿದರು. ನಿಮಗೆ ಸಂಸ್ಕೃತ ಬರುತ್ತಾ? ಆ ಗ್ರಂಥಗಳನ್ನು ಊರಲ್ಲೇ ಬಿಟ್ಟು ಬರಬೇಡಿ.

ಇನ್ನು ವ್ಯವಹಾರ. ಅಮೆರಿಕದಲ್ಲಿ ಪಿಎಚ್‌.ಡಿಗೆ ಐದಾರು ವರ್ಷ ಬೇಕು. ಸಾಮಾನ್ಯವಾಗಿ ಶುಲ್ಕ ಇರಲ್ಲ, ಪಾಠಕ್ಕೆ ನೆರವಾದರೆ ಸ್ಟೈಪೆಂಡ್ ಕೊಡ್ತಾರೆ. ಎಂ.ಎಗೆ ಹೆಚ್ಚಾಗಿ ಕೈಯಿಂದಲೇ ಖರ್ಚು, ಅದಕ್ಕಾಗಿ ಜಮೀನು ಅಡ ಇಡಬೇಡಿ. ಪದವಿ ಮುಗಿಸಿದವರಿಗೆಲ್ಲ ಅಧ್ಯಾಪಕರ ಕೆಲಸ ಸಿಗಲ್ಲ, ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿಬಿಡಿ. ಆಧುನಿಕ ತರ್ಕಶಾಸ್ತ್ರ ಕಲಿತೇ ಬನ್ನಿ. ಅರ್ಜಿಯಲ್ಲಿ ದೊಡ್ಡ ತೂಕ ನಿಮ್ಮ ಬರಹದ ಮಾದರಿಗೆ. ಅದರಲ್ಲಿ ಹತ್ತು ವಿಷಯ ಬೇಡ, ಒಂದೇ ವಾದವನ್ನು ಕೊನೆತನಕ ಒಯ್ಯಿರಿ.

ಬರಬೇಕೋ ಬೇಡವೋ ಅನ್ನೋ ಗೊಂದಲ ಇದ್ದರೆ ಹೀಗೆ ಮಾಡಿ. ಕ್ವೈನ್ ಅವರ 1948ರ ‘ಆನ್ ವಾಟ್ ದೇರ್ ಈಸ್’ ಲೇಖನ ಓದಿ. ಚಿಕ್ಕದು. ಎಲ್ಲಿ ಒಪ್ಪಲ್ಲವೋ ಆ ಜಾಗ ಹುಡುಕಿ, ಯಾಕೆ ಅಂತ ಎರಡು ಪುಟ ಬರೀರಿ. ಒಂದು ವಾರ ಬಿಟ್ಟು, ನಿಮ್ಮ ಬರಹವನ್ನು ನೀವೇ ಕ್ವೈನ್ ಪರವಾಗಿ ಖಂಡಿಸಿ. ಆ ಕೆಲಸದಲ್ಲಿ ಊಟದ ಹೊತ್ತು ಮೀರಿದ್ದು ಗೊತ್ತಾಗದಿದ್ದರೆ ಅರ್ಜಿ ಹಾಕಿ. ಬೇಸರ ಬಂದರೆ, ಐದಾರು ವರ್ಷ ಉಳೀತು ಅಂದ್ಕೊಳ್ಳಿ.