ಪರದೇಶದ ದುಡಿಮೆ, ಸ್ವದೇಶದ ನಾಣ್ಯ



ಕಡಲು ದಾಟಿ ದುಡಿಯಲು ಹೋದವರು ಕಳುಹಿಸುವ ಹಣದಿಂದ ಅವರ ಸಂಸಾರಗಳು ನಡೆಯುವುವೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಹಣವು ದೇಶದ ನಾಣ್ಯದ ಬೆಲೆಯನ್ನೇ ಬದಲಿಸಬಲ್ಲುದೆಂಬುದನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಫಿಲಿಪೈನ್ಸ್ ದ್ವೀಪಗಳ ಅನುಭವದ ಮೂಲಕ ಇದನ್ನು ಕೊಂಚ ವಿಚಾರಿಸೋಣ.

ಆ ದೇಶವು 1974ರಲ್ಲಿ ಕಾರ್ಮಿಕ ಸಂಹಿತೆಯೊಂದನ್ನು ಜಾರಿಗೆ ತಂದು, ತನ್ನ ಪ್ರಜೆಗಳು ಹೊರನಾಡುಗಳಲ್ಲಿ ಕೆಲಸಕ್ಕೆ ಸೇರುವುದನ್ನು ಸರಕಾರದ ಮೇಲ್ವಿಚಾರಣೆಗೆ ಒಳಪಡಿಸಿತು. ಅಂದಿನಿಂದ ದಾದಿಯರೂ ನಾವಿಕರೂ ಮನೆಗೆಲಸದವರೂ ಸೌದಿ ಅರೇಬಿಯ, ಹಾಂಗ್‌ಕಾಂಗ್, ಅಮೆರಿಕ ಮೊದಲಾದ ಕಡೆಗಳಿಗೆ ಹೋಗುತ್ತ ಬಂದಿದ್ದಾರೆ. ಇಂತಹವರು ಬ್ಯಾಂಕುಗಳ ಮೂಲಕ ಕಳುಹಿಸಿದ ಹಣ 2005ರಲ್ಲಿ ಸುಮಾರು 1,070 ಕೋಟಿ ಡಾಲರು; 2007ರಲ್ಲಿ ಅದು 1,400 ಕೋಟಿಗೂ ಮಿಕ್ಕಿತು.

ಮನೆಯವರು ಈ ಡಾಲರನ್ನು ಕೊಟ್ಟು ಪೆಸೊ ಪಡೆದರೇ ಅಂಗಡಿಯ ವ್ಯವಹಾರ ಸಾಗುವುದು. ಮಾರುವವರು ಹೆಚ್ಚಿದಾಗ ಯಾವ ಸರಕಿನ ಧಾರಣೆಯಾದರೂ ಇಳಿಯುವಂತೆ ಡಾಲರಿನ ಧಾರಣೆಯೂ ಇಳಿಯುತ್ತದೆ, ಪೆಸೊ ಬಲಗೊಳ್ಳುತ್ತದೆ. 2005ರಲ್ಲಿ ಒಂದು ಡಾಲರಿಗೆ ಸರಾಸರಿ 55 ಪೆಸೊ ದೊರೆಯುತ್ತಿದ್ದುದು 2007ರ ಕೊನೆಯ ವೇಳೆಗೆ ಸುಮಾರು 41ಕ್ಕೆ ಇಳಿಯಿತು. ಆಗ ಜಗತ್ತಿನಲ್ಲೆಲ್ಲ ಡಾಲರು ಸೊರಗಿದ್ದುದೂ, ಹೊರಗಿನ ಬಂಡವಾಳ ಹರಿದುಬಂದುದೂ ಇದಕ್ಕೆ ಕಾರಣಗಳೇ. ಆದರೂ ದುಡಿಮೆಗಾರರ ಹಣದ ಪಾಲು ಅಲ್ಪವಾಗಿರಲಿಲ್ಲ.

ಇದರ ಫಲವನ್ನು ಲೆಕ್ಕ ಹಾಕಿ ನೋಡಬಹುದು. ತಿಂಗಳಿಗೆ 200 ಡಾಲರು ಬರುವ ಮನೆಗೆ ಮೊದಲಿನ ದರದಲ್ಲಿ 11,000 ಪೆಸೊ. ಅನಂತರದ ದರದಲ್ಲಿ 8,200 ಮಾತ್ರ. ಕಳುಹಿಸುವವಳ ದುಡಿಮೆಯೇನೂ ಕಡಮೆಯಾಗಿಲ್ಲ. ಲಕ್ಷಾಂತರ ಮಂದಿ ತಂತಮ್ಮ ಮನೆಯ ಹಿತಕ್ಕೆಂದು ಮಾಡಿದ ಕಾರ್ಯವೇ ಅವರೆಲ್ಲರ ಡಾಲರನ್ನು ಅಗ್ಗಗೊಳಿಸಲು ನೆರವಾಯಿತು.

ಇನ್ನೊಂದು ಪೆಟ್ಟು ರಫ್ತಿನ ಮೇಲೆ ಬೀಳುತ್ತದೆ. ಸಿದ್ಧ ಉಡುಪನ್ನೋ ಕೊಬ್ಬರಿ ಎಣ್ಣೆಯನ್ನೋ ಹೊರಗೆ ಮಾರುವ ವರ್ತಕನು ಡಾಲರಿನಲ್ಲಿ ಬೆಲೆ ಪಡೆದು, ಪೆಸೊಗಳಲ್ಲಿ ಕೂಲಿ ಕೊಡುತ್ತಾನೆ. ಡಾಲರು ಅಗ್ಗವಾದರೆ ಅವನ ವರಮಾನ ಕುಗ್ಗುತ್ತದೆ. ಹೊಸ ಆಳುಗಳನ್ನು ನೇಮಿಸಲು ಹಿಂಜರಿಯುತ್ತಾನೆ. ಊರಿನಲ್ಲಿ ಕೆಲಸ ಸಿಗದ ತರುಣನು ತಾನೂ ಪರದೇಶದ ದಾರಿ ಹಿಡಿಯುತ್ತಾನೆ.

ಹಾಗೆಂದು ಈ ಹಣವನ್ನು ಪೀಡೆಯೆನ್ನಲಾಗದು. 2009ರಲ್ಲಿ ಲೋಕದ ವ್ಯಾಪಾರ ಕುಸಿದು ಫಿಲಿಪೈನ್ಸಿನ ರಫ್ತು ತಗ್ಗಿದಾಗಲೂ ಇದು ತಗ್ಗಲಿಲ್ಲ, ತುಸು ಹೆಚ್ಚಿತು. ತೈಲ, ಅಕ್ಕಿ ಮುಂತಾದವುಗಳ ಆಮದಿಗೆ ಆಧಾರವಾಯಿತು. ಕೇಂದ್ರ ಬ್ಯಾಂಕು ಡಾಲರುಗಳನ್ನು ಕೊಂಡು ನಿಧಿಯಲ್ಲಿರಿಸಿ ಧಾರಣೆಯ ಏರಿಳಿತವನ್ನು ತಡೆಯಬಲ್ಲುದು. ಆದರೆ ಅದಕ್ಕಾಗಿ ಹೊರಬಿಟ್ಟ ಪೆಸೊಗಳನ್ನು ಹಿಂದಕ್ಕೆ ಸೆಳೆಯದಿದ್ದರೆ ಬೆಲೆಗಳು ಏರುತ್ತವೆ. ಸೆಳೆದುಕೊಂಡರೆ ಬಡ್ಡಿ ತೆರಬೇಕಾಗುತ್ತದೆ.

ಇದಕ್ಕಿಂತ ಬಾಳಿಕೆಯ ಉಪಾಯವೆಂದರೆ, ಬಂದ ಡಾಲರುಗಳಲ್ಲಿ ಒಂದು ಪಾಲು ಯಂತ್ರಗಳನ್ನೂ ವಿದ್ಯುತ್ ಸಾಮಗ್ರಿಯನ್ನೂ ತರಿಸಲು ವಿನಿಯೋಗವಾಗುವಂತೆ ಮಾಡುವುದು. ಆಗ ಡಾಲರಿಗೆ ಗಿರಾಕಿಯೂ ಉಂಟು, ನಾಡಿನಲ್ಲಿ ಕೆಲಸವೂ ಉಂಟು. ಹೊರನಾಡುಗಳಿಂದ ಇಂತಹ ಹಣವನ್ನು ಪಡೆಯುವ ದೇಶಗಳಲ್ಲಿ ಭಾರತವೇ ಇಂದು ಮೊದಲನೆಯದಾದ ಕಾರಣ, ಈ ವಿಚಾರವು ನಮಗೂ ಸಂಬಂಧಿಸಿದ್ದೇ ಆಗಿದೆ.